ಅಜ್ಜನ ಮೀನಿನ ದಾರಿಯಲ್ಲಿ ನಮ್ಮ ಭಾನುವಾರದ ಸೈಕಲ್

ಸುಬಹಿ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಇನ್ನೂ ಕತ್ತಲೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಉಡುಪಿಯಲ್ಲಿ ಐದು ಗಂಟೆಯ ಸುಮಾರಿಗೆ ಬಾಂಗ್ ಆಗುತ್ತದೆ, ಸೂರ್ಯ ಹುಟ್ಟುವುದು ಆರೂಕಾಲರ ಹೊತ್ತಿಗೆ. ನಡುವಿನ ಈ ಒಂದು ಗಂಟೆ ಇದೆಯಲ್ಲ, ಕರಾವಳಿಯ ಬೇಸಗೆಯಲ್ಲಿ ಮೈಗೆ ಹಿತವೆನಿಸುವ ಗಾಳಿ ಸಿಗುವುದು ಆಗ ಮಾತ್ರ. ವಾರವಿಡೀ ಈ ಹೊತ್ತನ್ನು ನಾವು ಮತ್ತೆ ಮುಸುಕು ಹಾಕಿ ಮಲಗಿ ಕಳೆಯುತ್ತಿದ್ದೆವು. ಈಗ ಭಾನುವಾರ ಮಾತ್ರ ಹಾಗಲ್ಲ. ಮಸೀದಿಯ ಗೋಡೆಗೆ ಒರಗಿಸಿಟ್ಟ ಸೈಕಲ್ ನಮ್ಮನ್ನು ಕಾಯುತ್ತಿರುತ್ತದೆ.

ನಾವು ಏಳು ಮಂದಿ. ಉಡುಪಿಯವರು ಇಬ್ಬರು, ಮಣಿಪಾಲದವರು ಇಬ್ಬರು, ಕಾಪುವಿನವರು ಇಬ್ಬರು, ಕಾರ್ಕಳದವರು ಒಬ್ಬರು. ಜವಳಿ ಅಂಗಡಿಯವರು, ಮೊಬೈಲ್ ರಿಪೇರಿಯವರು, ಕಾಲೇಜು ಅಧ್ಯಾಪಕರು, ಗಲ್ಫ್ ಬಿಟ್ಟು ಊರಿಗೆ ಬಂದವರು, ಇಂಜಿನಿಯರಿಂಗ್ ಓದುವ ಹುಡುಗ, ಎಲ್ಲ ಇದ್ದೇವೆ. ಹಿರಿಯರಿಗೆ 58, ಕಿರಿಯನಿಗೆ 19. ನಮ್ಮ ಕೂಟಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಅಧ್ಯಕ್ಷರಿಲ್ಲ, ಉದ್ಘಾಟನೆಯೂ ಆಗಿಲ್ಲ. ವಾಟ್ಸ್‌ಆ್ಯಪಿನಲ್ಲಿ ಶನಿವಾರ ರಾತ್ರಿ ಒಂದು ಸಂದೇಶ ಬರುತ್ತದೆ: "ನಾಳೆ ಎಲ್ಲಿಗೆ?" ಅಷ್ಟೇ ನಮ್ಮ ಸಂಘಟನೆ.

ಈ ಬೇಸಗೆಯಲ್ಲಿ ನಾವು ತಿರುಗಿದ ದಾರಿಗಳ ಬಗ್ಗೆ ಈ ಪುಟದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಅನಿಸಿದ್ದಕ್ಕೆ ಕಾರಣ ನಮ್ಮ ಕಿರಿಯ ಸದಸ್ಯನ ಅಜ್ಜ.

"ಕ್ಯಾರಿಯರ್ ಇಲ್ವಲ್ಲ ಮಾರಾಯ!"

ಹುಡುಗ ಉಳಿತಾಯದ ದುಡ್ಡಿಗೆ ಉಪ್ಪನ ದುಡ್ಡೂ ಸೇರಿಸಿ ಗೇರ್ ಸೈಕಲ್ ತಂದ ದಿನ, ಮನೆಯವರೆಲ್ಲ ಅಂಗಳಕ್ಕೆ ಬಂದರು. ಎಂಬತ್ತು ದಾಟಿದ ಅಜ್ಜ ಚಾವಡಿಯಿಂದ ಮೆಲ್ಲ ಎದ್ದು ಬಂದು ಸೈಕಲಿನ ಸುತ್ತ ಒಂದು ಸುತ್ತು ಹಾಕಿದರು. ಒಂದೇ ಕೈಯಲ್ಲಿ ಎತ್ತಿ ನೋಡಿದರು. ಟಯರ್ ಒತ್ತಿ ನೋಡಿದರು. ಬೆಲೆ ಕೇಳಿದರು. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಒಂದೇ ಮಾತು: "ಇದಕ್ಕೆ ಕ್ಯಾರಿಯರ್ ಇಲ್ವಲ್ಲ ಮಾರಾಯ! ಮತ್ತೆ ಎಂತ ತರ್ತೀ ಇದ್ರಲ್ಲಿ?"

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

ಬ್ಯಾರಿ ಮನೆಗಳಲ್ಲಿ ಸೈಕಲ್ ಎಂದರೆ ಏನಾಗಿತ್ತು ಎಂದು ಹಿರಿಯರಿಗೆ ಹೇಳಬೇಕಾಗಿಲ್ಲ, ಆದರೆ ಮಕ್ಕಳಿಗೆ ಹೇಳಬೇಕು. ಅದು ಅಂಗಡಿ, ಅದೇ ಗೋದಾಮು, ಅದೇ ಲಾರಿ. ಕ್ಯಾರಿಯರಿಗೆ ಬುಟ್ಟಿ ಕಟ್ಟಿ ಮೀನು ಮಾರಿದವರು, ಗೋಣಿ ಕಟ್ಟಿ ಗುಜರಿ ಹೆಕ್ಕಿದವರು, ಬಟ್ಟೆಯ ಗಂಟು ಹೊತ್ತು ಹಳ್ಳಿ ಹಳ್ಳಿ ಸುತ್ತಿದವರು, ಅಡಿಕೆ ಕಾಳುಮೆಣಸು ಕೊಂಡು ಪೇಟೆಗೆ ಮುಟ್ಟಿಸಿದವರು ನಮ್ಮವರೇ. ರಬ್ಬರ್ ಹಾರ್ನಿನ "ಪೋಂ ಪೋಂ" ಕೇಳಿದರೆ ಬೆಕ್ಕುಗಳೂ ಗೇಟಿಗೆ ಬರುತ್ತಿದ್ದವು. ಆಗ ಸೈಕಲಿಗೂ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಟಯರಿನ ಗಾಳಿ ಬಿಡುತ್ತಿದ್ದರು.

ಈ ಅಜ್ಜ 1970ರ ದಶಕದಲ್ಲಿ ಮಲ್ಪೆಯಲ್ಲಿ ಮೀನು ಹಿಡಿದು ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟಿ ಗುಡ್ಡೆಯಂಗಡಿಯವರೆಗೆ ಹೋಗುತ್ತಿದ್ದವರು. ಒಂದು ದಾರಿಗೇ ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು. ಗೇರ್ ಇಲ್ಲ. ಹಿಂದೆ ಬೂತಾಯಿ, ಬಂಗುಡೆ, ಅದರ ಮೇಲೆ ಕರಗುವ ಐಸ್. ಮಣಿಪಾಲದ ಗುಡ್ಡ ಬಂದರೆ ಇಳಿದು ನೂಕುವುದು. "ಮೀನು ಹಾಳಾಗುವ ಮೊದಲು ಮುಟ್ಟಬೇಕು. ಅದೊಂದೇ ಗಡಿಯಾರ" ಎನ್ನುತ್ತಾರೆ ಅವರು.

ಅವರ ಮಗ, ಅಂದರೆ ಹುಡುಗನ ಉಪ್ಪ, ಸೈಕಲನ್ನು ಮುಟ್ಟಿದವರೇ ಅಲ್ಲ. ಶಾಲೆಯಲ್ಲಿ "ಮೀನಿನ ಸೈಕಲಿನವನ ಮಗ" ಎಂದು ಕರೆಸಿಕೊಂಡದ್ದು ಇನ್ನೂ ಮರೆತಿಲ್ಲ. ಸೌದಿಗೆ ಹೋಗಿ ದುಡಿದು ಮೊದಲು ಊರಿಗೆ ತಂದದ್ದು ಬೈಕು. ಈಗ ಮೊಮ್ಮಗ ಸೈಕಲ್ ಬೇಕು ಎನ್ನುತ್ತಾನೆ. ಅದೂ ದುಡಿಮೆಗಲ್ಲ, ಖುಷಿಗೆ. ಮೂರು ತಲೆಮಾರು, ಒಂದು ಸೈಕಲ್, ಮೂರು ಅರ್ಥ. ನಮ್ಮ ಏಳು ಜನರಲ್ಲಿ ನಾಲ್ವರ ಮನೆಯಲ್ಲಿ ಇದೇ ಕಥೆ.

ಕಡಲ ದಾರಿ: ಮಲ್ಪೆಯಿಂದ ಕಾಪುವಿಗೆ

ಹೊಸಬರು ಬಂದರೆ ನಾವು ಮೊದಲು ಕರೆದುಕೊಂಡು ಹೋಗುವುದು ಈ ದಾರಿಗೆ. ಏರಿಲ್ಲ, ಲಾರಿ ಇಲ್ಲ. ಮಲ್ಪೆಯಲ್ಲಿ ಪಡುಕೆರೆ ಸೇತುವೆ ದಾಟಿ ತೆಂಕಕ್ಕೆ ತಿರುಗಿದರೆ ಬಲಗಡೆ ಸಮುದ್ರ, ಎಡಗಡೆ ಹೊಳೆ. ನಡುವಿನ ಸಪೂರ ದಾರಿಯಲ್ಲಿ ಮಟ್ಟುವಿನ ಕಡೆಗೆ ಹೋಗುವಾಗ ಬೆಳಕು ಹರಿಯುತ್ತದೆ. ಬಲೆ ಸರಿ ಮಾಡುತ್ತಾ ಕೂತವರು, ಒಣಮೀನಿನ ವಾಸನೆ, ಹಿಂದೆ ಓಡಿ ಬರುವ ನಾಯಿಗಳು. ನಾಯಿ ಓಡಿಸಿಕೊಂಡು ಬಂದರೆ ಇಳಿದು ನಿಲ್ಲಿ, ಸೈಕಲನ್ನು ನಡುವೆ ಹಿಡಿಯಿರಿ. ಓಡಿದರೆ ಅದಕ್ಕೂ ಉಮೇದು ಬರುತ್ತದೆ. ಇದು ನಾವು ಪ್ಯಾಂಟ್ ಹರಿಸಿಕೊಂಡು ಕಲಿತದ್ದು.

ಕಾಪು ದೀಪಸ್ತಂಭ 1901ರದ್ದು. ಬಂಡೆಯ ಬುಡದಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುವುದು, ಮನೆಯಿಂದ ಕಟ್ಟಿ ತಂದ ಪತ್ತಿರ್ ಹಂಚಿಕೊಳ್ಳುವುದು. ಕಾಪುವಿನ ಕಾಕ, ನಮ್ಮ 58ರ ಹಿರಿಯರು, ಅಲ್ಲಿ ಕೂತು ಪ್ರತಿ ಸಲ ತಮ್ಮ ಶುಗರ್ ಲೆಕ್ಕ ಹೇಳುತ್ತಾರೆ. ಹತ್ತು ವರ್ಷದಿಂದ ಮಾತ್ರೆ. ಡಾಕ್ಟರು ನಡೆಯಿರಿ ಎಂದರೆ ಮೊಣಕಾಲು ನೋವು. ಸೈಕಲಿನಲ್ಲಿ ದೇಹದ ಭಾರ ಸೀಟಿನ ಮೇಲೆ ಇರುವುದರಿಂದ ಮೊಣಕಾಲಿಗೆ ಅಷ್ಟು ಪೆಟ್ಟಿಲ್ಲ. ವಾರಕ್ಕೆ 150 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಕ ವಾರದ ನಡುವೆ ಎರಡು ದಿನ, ಭಾನುವಾರ ಒಂದು ದಿನ ತುಳಿದು ಅದನ್ನು ಮುಗಿಸುತ್ತಾರೆ. ಜೇಬಿನಲ್ಲಿ ಯಾವಾಗಲೂ ನಾಲ್ಕು ಖರ್ಜೂರ. ಒಮ್ಮೆ ಬರಿ ಹೊಟ್ಟೆಯಲ್ಲಿ ಮಾತ್ರೆ ತಿಂದು ಹೊರಟು ಕೈಪುಂಜಾಲಿನ ಹತ್ತಿರ ಕಣ್ಣು ಕತ್ತಲೆ ಬಂದು ರಸ್ತೆ ಬದಿಯಲ್ಲೇ ಕೂತುಬಿಟ್ಟಿದ್ದರು. ಅವತ್ತಿನಿಂದ ಖರ್ಜೂರ ತಪ್ಪಿಸಿಲ್ಲ. ಶುಗರ್ ಇರುವವರು ಡಾಕ್ಟರಲ್ಲಿ ಕೇಳದೆ ಹೊರಡಬೇಡಿ ಎಂಬುದು ಅವರದೇ ಮಾತು.

ಮರಳುವಾಗ ಕಟಪಾಡಿಯಿಂದ ಶಂಕರಪುರದ ಕಡೆ ತಿರುಗಿದರೆ ಮಲ್ಲಿಗೆ ತೋಟಗಳು. ಬಿಸಿಲೇರುವ ಮೊದಲೇ ಮೊಗ್ಗು ಬಿಡಿಸಿ ಮನೆಯಂಗಳದಲ್ಲಿ ಕೂತು ಕಟ್ಟುವವರನ್ನು ನೋಡಬಹುದು. ನಮ್ಮ ಪೆರ್ನಾಳ್‌ಗೆ, ಮದುವೆಗೆ ಬರುವ ಅಟ್ಟೆ ಅಟ್ಟೆ ಮಲ್ಲಿಗೆಯ ಹಿಂದೆ ಯಾರ ಬೆಳಗ್ಗಿನ ನಿದ್ದೆ ಇದೆ ಎಂಬುದು ಕಾರಿನಲ್ಲಿ ಹೋದರೆ ಗೊತ್ತಾಗುವುದಿಲ್ಲ.

ಕಾರ್ಕಳದ ಏರು, ಬಾವಿಕಟ್ಟೆಯ ನೀರು

ಉಡುಪಿಯಿಂದ ಕಾರ್ಕಳಕ್ಕೆ ಮೂವತ್ತೇಳು ಕಿಲೋಮೀಟರಿನಷ್ಟು. ಇಂದ್ರಾಳಿ ದಾಟಿದ ಮೇಲೆ ಮಣಿಪಾಲದ ಏರು, ಆಮೇಲೆ ಈಶ್ವರನಗರದಿಂದ ಪರ್ಕಳಕ್ಕೆ ಕಡಿದಾದ ಇಳಿಜಾರು. ಇಳಿಯುವಾಗ ನಗುವವನು ವಾಪಸ್ ಬರುವಾಗ ಅಳುತ್ತಾನೆ, ಯಾಕೆಂದರೆ ಎಪ್ಪತ್ತು ಕಿಲೋಮೀಟರ್ ತುಳಿದು ಕಾಲು ಸೋತ ಹೊತ್ತಿಗೇ ಆ ಗುಡ್ಡ ಎದುರು ನಿಲ್ಲುತ್ತದೆ. ಆತ್ರಾಡಿ, ಓಂತಿಬೆಟ್ಟು, ಹಿರಿಯಡ್ಕ, ಗುಡ್ಡೆಯಂಗಡಿ, ಬೈಲೂರು, ಜೋಡುರಸ್ತೆ, ಹೀಗೆ ಏರು ಇಳಿತದ ದಾರಿ. ಕಾರ್ಕಳ ಮುಟ್ಟಿದರೆ 1432ರಲ್ಲಿ ನಿಂತ 42 ಅಡಿಯ ಗೊಮ್ಮಟ, 1586ರ ಚತುರ್ಮುಖ ಬಸದಿ, ಪಕ್ಕದಲ್ಲೇ ಆನೆಕೆರೆ. ಕೆರೆಯ ದಂಡೆಯಲ್ಲಿ ಕೂತು ಬನ್ಸ್ ತಿನ್ನುವುದು ನಮ್ಮ ಕಾರ್ಕಳದ ಗೆಳೆಯನ ಆತಿಥ್ಯ.

ಮೇ ತಿಂಗಳ ಒಂದು ಭಾನುವಾರ ಅಲ್ಲಿಂದ ಹೊರಡುವಾಗಲೇ ತಡವಾಯಿತು. ಹತ್ತೂವರೆಯ ಬಿಸಿಲು. ನಮ್ಮಲ್ಲಿ ಬಿಸಿಲಿಗಿಂತಲೂ ಸೆಕೆ ಕಷ್ಟ. ಬೆವರು ಆರುವುದೇ ಇಲ್ಲ, ಮೈ ತಣಿಯುವುದೇ ಇಲ್ಲ. ಗುಡ್ಡೆಯಂಗಡಿ ಹತ್ತಿರ ಬಾಟಲಿಗಳೆಲ್ಲ ಖಾಲಿ. ರಸ್ತೆ ಬದಿಯ ಹಂಚಿನ ಮನೆಯೊಂದರ ಮುಂದೆ ನಿಂತು ನೀರು ಕೇಳಿದೆವು. ವಯಸ್ಸಾದ ಅಮ್ಮ ಒಬ್ಬರು ಬಾವಿಯಿಂದ ಆಗಷ್ಟೇ ಸೇದಿದ ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ಹೆಲ್ಮೆಟ್, ಕನ್ನಡಕ, ಬಣ್ಣದ ಅಂಗಿ ನೋಡಿ, "ಯಾವ ಊರಿನವರು ಮಕ್ಕಳೇ?" ಎಂದರು. ಹೆಸರು ಹೇಳಿದೆವು, ಊರು ಹೇಳಿದೆವು.

"ಓ, ಬ್ಯಾರಿಗಳಾ! ಮೊದಲು ಇಲ್ಲಿಗೆ ಒಬ್ಬರು ಬ್ಯಾರಿ ಸೈಕಲಿನಲ್ಲಿ ಮೀನು ತರ್ತಿದ್ರು. ಮಲ್ಪೆಯಿಂದ. ದುಡ್ಡಿಲ್ಲ ಅಂದ್ರೂ ಕೊಟ್ಟು ಹೋಗ್ತಿದ್ರು. ಗದ್ದೆ ಕೊಯ್ಲು ಆದ ಮೇಲೆ ಅಕ್ಕಿ ಕೊಡ್ತಿದ್ದೆವು. ಈ ಕಟ್ಟೆಯಲ್ಲೇ ಕೂತು ನೀರು ಕುಡೀತಿದ್ರು."

ನಾವೆಲ್ಲ ಹುಡುಗನ ಮುಖ ನೋಡಿದೆವು. ಅವನು ಏನೂ ಹೇಳಲಿಲ್ಲ. ಬಾವಿಕಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ.

ಮನೆಗೆ ಹೋಗಿ ಅಜ್ಜನಲ್ಲಿ ಕೇಳಿದ. ಅಜ್ಜ ತುಂಬ ಹೊತ್ತು ಯೋಚಿಸಿದರು. "ಆ ದಾರಿಯಲ್ಲಿ ನಾವು ಎಷ್ಟೋ ಜನ ಇದ್ದೆವು. ನಾನೂ ಇರಬಹುದು, ಬೇರೆಯವರೂ ಇರಬಹುದು. ನೀರು ಕೊಟ್ಟ ಮನೆ ಒಂದಾ ಎರಡಾ? ಆ ಮನೆಗಳಿದ್ದದ್ದಕ್ಕೆ ನಾವು ಬದುಕಿದ್ದು." ಆಮೇಲೆ ಕೇಳಿದರು, "ನೀವು ಅವರಿಗೆ ಎಂತ ಕೊಟ್ಟಿರಿ?"

ನಾವು ಏನೂ ಕೊಟ್ಟಿರಲಿಲ್ಲ. ಕೊಡಲು ನಮ್ಮ ಸೈಕಲಿನಲ್ಲಿ ಕ್ಯಾರಿಯರೇ ಇರಲಿಲ್ಲ.

ಬಿದ್ದ ಭಾನುವಾರ

ಎಲ್ಲವೂ ಚಂದ ಎಂದು ಬರೆದರೆ ಸುಳ್ಳಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಪು ಮತ್ತು ಕಟಪಾಡಿಯ ನಡುವೆ, ನಮ್ಮ ಮೊಬೈಲ್ ರಿಪೇರಿಯ ಗೆಳೆಯ ಬಿದ್ದ. ಚತುಷ್ಪಥ ರಸ್ತೆಯಲ್ಲಿ ತಿರುವು ದೂರವೆಂದು ಬೈಕೊಂದು ತಪ್ಪು ಬದಿಯಲ್ಲಿ ಎದುರಿನಿಂದ ಬಂತು. ತಪ್ಪಿಸಲು ಹೋಗಿ ಇವನು ರಸ್ತೆಯ ಅಂಚಿನ ಜಲ್ಲಿಗೆ ಇಳಿದ. ಭುಜದ ಎಲುಬು ಮುರಿಯಿತು. ಹೆಲ್ಮೆಟ್ ಎರಡು ಹೋಳಾಯಿತು, ತಲೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಹಿಂದಿನಿಂದ ಬರುತ್ತಿದ್ದ ಬಸ್ಸು ಹತ್ತು ಮಾರು ದೂರದಲ್ಲಿ ನಿಂತಿತು. ಆ ಬ್ರೇಕಿನ ಸದ್ದು ನಮಗೆ ಇನ್ನೂ ಕಿವಿಯಲ್ಲಿದೆ.

ಆಸ್ಪತ್ರೆಗೆ ಬಂದ ಅವನ ಉಮ್ಮ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ದುಡಿಯಲಿಕ್ಕೆ ಹೋಗಿ ಬಿದ್ದದ್ದಾದ್ರೆ ಒಂದು. ಇದು ಎಂತಕ್ಕೆ ಮಕ್ಕಳೇ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮೂರು ವಾರ ಯಾರೂ ಸೈಕಲ್ ಮುಟ್ಟಲಿಲ್ಲ. ಗುಂಪಿನಲ್ಲಿ "ನಾಳೆ ಎಲ್ಲಿಗೆ?" ಎಂಬ ಪ್ರಶ್ನೆಯೂ ಬರಲಿಲ್ಲ.

ನಾಲ್ಕನೆಯ ಶನಿವಾರ ಸಂದೇಶ ಹಾಕಿದ್ದು ಬಿದ್ದವನೇ. ಕೈ ಇನ್ನೂ ಜೋಳಿಗೆಯಲ್ಲಿ. "ನಾನು ಬರಲಿಕ್ಕಿಲ್ಲ. ನೀವು ಹೋಗಿ. ಆದರೆ ಹೈವೇ ಬೇಡ." ಅವನ ಉಮ್ಮನಿಗೆ ಅವನು ಹೇಳಿದ ಉತ್ತರ ನಮಗೆ ಆಮೇಲೆ ಗೊತ್ತಾಯಿತು. ವಾರದ ಆರು ದಿನ ಬಲ್ಬಿನ ಕೆಳಗೆ ಕುತ್ತಿಗೆ ಬಗ್ಗಿಸಿ ಕೂರುವವನಿಗೆ ಈ ಮೂರು ಗಂಟೆ ಇಲ್ಲದಿದ್ದರೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದು. ಉಮ್ಮ ಒಪ್ಪಿದರೋ ಇಲ್ಲವೋ, ಹೆಲ್ಮೆಟ್ಟಿಗೆ ದುಡ್ಡು ಕೊಟ್ಟದ್ದು ಅವರೇ.

ಅಲ್ಲಿಂದ ನಮ್ಮ ನಿಯಮಗಳು ಬದಲಾದವು. ಹೆದ್ದಾರಿ ದಾಟುವುದಕ್ಕೆ ಮಾತ್ರ, ಓಡುವುದಕ್ಕಲ್ಲ. ಸಾಧ್ಯವಿದ್ದಲ್ಲೆಲ್ಲ ಸರ್ವಿಸ್ ರಸ್ತೆ ಅಥವಾ ಒಳದಾರಿ. ಕಾಪುವಿನಿಂದ ಕಾರ್ಕಳಕ್ಕೆ ಶಿರ್ವ, ಬೆಳ್ಮಣ್ ಮೂಲಕ ಹೋದರೆ ಏರು ಇಳಿತ ಹೆಚ್ಚು, ಆದರೆ ಜೀವಕ್ಕೆ ನೆಮ್ಮದಿ. ಇನ್ನೊಂದು ಅಭ್ಯಾಸವೂ ಬೆಳೆಯಿತು. ದಾರಿಯಲ್ಲಿ ಒಡೆದ ಬಾಟಲಿ, ಕಲ್ಲು, ಮರದ ಗೆಲ್ಲು ಕಂಡರೆ ನಿಂತು ಬದಿಗೆ ಹಾಕುವುದು. ದಾರಿಯ ತೊಂದರೆ ನಿವಾರಿಸುವುದೂ ಒಂದು ದಾನವೆಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ನೆನಪಿದೆಯಲ್ಲ? ಅದನ್ನು ಮಾಡಲು ಸೈಕಲಿನಷ್ಟು ಸುಲಭ ಬೇರೆ ವಾಹನವಿಲ್ಲ.

ಮನೆಯ ಹೆಣ್ಮಕ್ಕಳು

ಮಣಿಪಾಲದ ಅಧ್ಯಾಪಕರ ಮನೆಯಾಕೆ ಒಂದು ದಿನ ಕೇಳಿದರಂತೆ, "ನಿಮಗೆ ಮಾತ್ರವಾ ಭಾನುವಾರ?" ಅವರು ಸೈಕಲ್ ಕಲಿತದ್ದು ಶಾಲೆಯಲ್ಲಿ. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಮೊದಲ ವರ್ಷಗಳ ಹುಡುಗಿ. ಆ ಸೈಕಲ್ ಇದ್ದದ್ದರಿಂದಲೇ ದೂರದ ಹೈಸ್ಕೂಲು ಬಿಡದೆ ಓದಿದವರು. ಮದುವೆಯಾದ ಮೇಲೆ ಪೆಡಲ್ ಮುಟ್ಟಿರಲಿಲ್ಲ.

ಜನ ಏನು ಹೇಳುತ್ತಾರೋ ಎಂಬ ಚಿಂತೆ ಗಂಡನಿಗೇ ಹೆಚ್ಚು. ಅತ್ತೆಯ ಎದುರು ಅಳುಕುತ್ತಲೇ ಮಾತೆತ್ತಿದರೆ ಅವರು ಹೇಳಿದ್ದು: "ಜನರ ಬಾಯಿಗೆ ಮುಚ್ಚಳ ಉಂಟಾ? ಬಟ್ಟೆ ಚೈನಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ, ಅಷ್ಟೇ." ಅನುಭವದ ಮಾತು. ಈಗ ಚೈನಿಗೆ ಪೂರ್ತಿ ಕವರ್ ಇರುವ ಸಾದಾ ಲೇಡೀಸ್ ಸೈಕಲ್ ಬಂದಿದೆ. ಶನಿವಾರ ಬೆಳಗ್ಗೆ ಗಂಡ ಹೆಂಡತಿ ಮಣಿಪಾಲದ ಎಂಡ್ ಪಾಯಿಂಟಿಗೆ ಹೋಗಿ ಕೆಳಗೆ ಸ್ವರ್ಣಾ ನದಿ ನೋಡಿ ಬರುತ್ತಾರೆ. ಪಕ್ಕದ ಮನೆಯ ಇಬ್ಬರು ಹೆಣ್ಮಕ್ಕಳು, "ನಮಗೂ ಕಲಿಸ್ತೀರಾ ಇತ್ತಾ?" ಎಂದು ಕೇಳಿದ್ದಾರೆ. ಇತ್ತಾ ಕಲಿಸುತ್ತಿದ್ದಾರೆ.

ಹೊರಡುವವರಿಗೆ

ದುಬಾರಿ ಸೈಕಲ್ ಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವುದನ್ನೇ ಸೈಕಲ್ ಶಾಪಿಗೆ ಕೊಂಡುಹೋಗಿ. ಬ್ರೇಕ್ ಶೂ, ಟಯರ್, ಚೈನು ಸರಿಯಿದ್ದರೆ ಸಾಕು. ಸೀಟಿನ ಎತ್ತರ ಮುಖ್ಯ. ಪೆಡಲ್ ಕೆಳಗಿದ್ದಾಗ ಕಾಲು ಹತ್ತಿರ ಹತ್ತಿರ ನೇರವಾಗಬೇಕು. ತಗ್ಗು ಸೀಟಿನಲ್ಲಿ ತುಳಿದರೆ ಮೊಣಕಾಲು ಹಾಳು.

ಬಾಯಾರುವ ಮೊದಲೇ, ಕಾಲು ಗಂಟೆಗೊಮ್ಮೆ ಒಂದೆರಡು ಗುಟುಕು ನೀರು ಕುಡಿಯಿರಿ. ಕರಾವಳಿಯ ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಸಾಲುವುದಿಲ್ಲ. ಒಂದು ಚಿಟಿಕೆ ಉಪ್ಪು ಹಾಕಿದ ಲಿಂಬೆ ಶರಬತ್ತು, ಪುನರ್ಪುಳಿ, ಬೊಂಡ, ಬಚ್ಚಂಗಾಯಿ ಎಲ್ಲ ನಮ್ಮೂರಿನಲ್ಲೇ ಇರುವ ಮದ್ದು. ಒಂಬತ್ತು ಗಂಟೆಯೊಳಗೆ ಮನೆ ಸೇರಿ. ನಾವು ಗುಡ್ಡೆಯಂಗಡಿಯಲ್ಲಿ ಮಾಡಿದ ತಪ್ಪು ನೀವು ಮಾಡಬೇಡಿ.

ಕತ್ತಲಲ್ಲಿ ಹೊರಡುವುದಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕೇ ಬೇಕು. ಕಪ್ಪು ಬಟ್ಟೆ ಬೇಡ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ. ಮುಂದಿನದನ್ನು ಮಾತ್ರ ಒತ್ತಿದರೆ ಸೈಕಲ್ ನಿಮ್ಮನ್ನು ದಾಟಿಸಿ ಎಸೆಯುತ್ತದೆ. ಇಬ್ಬಿಬ್ಬರು ಪಕ್ಕಪಕ್ಕ ಮಾತಾಡುತ್ತಾ ಹೋಗುವುದು ಒಳದಾರಿಯಲ್ಲೂ ಬೇಡ, ಒಬ್ಬರ ಹಿಂದೆ ಒಬ್ಬರು. ಕಿವಿಯಲ್ಲಿ ಹಾಡು ಬೇಡ.

ದೂರದ ಆಸೆ ಇರುವವರಿಗೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಎಂಬ ಸವಾರಿಗಳೂ ಇವೆ. ಅಜ್ಜನಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು, "ಮುಗಿಸಿದ್ರೆ ಎಷ್ಟು ಕೊಡ್ತಾರೆ?" ಏನೂ ಕೊಡುವುದಿಲ್ಲ, ನಾವೇ ಫೀಸು ಕಟ್ಟಬೇಕು ಎಂದರೆ ನಂಬಲೇ ಇಲ್ಲ.

ಜೂನ್ 3 ವಿಶ್ವ ಸೈಕಲ್ ದಿನ. 2020ರಲ್ಲಿ ಅದೇ ದಿನ ಅಟ್ಲಾಸ್ ಸೈಕಲ್ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. ನಮ್ಮ ಅಜ್ಜನ ಮೀನಿನ ಸೈಕಲ್ ಕೂಡ ಅಟ್ಲಾಸ್. ಅದರ ಚೌಕಟ್ಟು ಮಾತ್ರ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಉಳಿದಿತ್ತು. ಹುಡುಗ ಅದರ ಕ್ಯಾರಿಯರನ್ನು ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಹಚ್ಚಿ ತನ್ನ ಗೇರ್ ಸೈಕಲಿಗೆ ಕೂರಿಸಲು ಹೊರಟ. ಶಾಪಿನವನು ನಕ್ಕ, ಕೂರುವುದಿಲ್ಲ ಎಂದ. ಎರಡು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದ ಮೇಲೆ ಕೂತಿತು. ಸೈಕಲ್ ನೋಡಲು ಚಂದವಿಲ್ಲ, ತೂಕವೂ ಹೆಚ್ಚಾಯಿತು. ಏರಿನಲ್ಲಿ ಅವನೇ ಈಗ ಕೊನೆಯವನು.

ಮಳೆ ಹಿಡಿಯುವ ಮೊದಲಿನ ಕೊನೆಯ ಭಾನುವಾರ ನಾವು ಮತ್ತೆ ಗುಡ್ಡೆಯಂಗಡಿ ದಾರಿಯಲ್ಲಿ ಹೋದೆವು. ಕ್ಯಾರಿಯರಿನಲ್ಲಿ ಐಸ್ ಹಾಕಿ ಕಟ್ಟಿದ ಎರಡು ಕಿಲೋ ಬಂಗುಡೆ. ಅಜ್ಜ ಮಲ್ಪೆಗೆ ಆಟೋದಲ್ಲಿ ಹೋಗಿ ತಾವೇ ಆರಿಸಿ ತಂದದ್ದು. ಆ ಅಮ್ಮ ದುಡ್ಡು ಕೊಡಲು ಒಳಗೆ ಹೋದರು. ನಾವು ಬೇಡ ಎಂದೆವು. ಬರುವಾಗ ಕ್ಯಾರಿಯರಿನಲ್ಲಿ ಒಂದು ಹಲಸಿನ ಹಣ್ಣು ಇತ್ತು. ಪರ್ಕಳದ ಏರಿನಲ್ಲಿ ಏಳು ಮಂದಿಯೂ ಇಳಿದು ಸರದಿಯಂತೆ ಆ ಸೈಕಲನ್ನು ನೂಕಿದೆವು.